ನಾನು ನೋಡದ ಮೂರನೆಯ ಗುಂಡಿ

ಹುಲಿಹೈದರದ ಆಚೆಗಿನ ಗುಡ್ಡದಲ್ಲಿ ತೋಡಿದ ಮೂರನೆಯ ಗುಂಡಿಯನ್ನು ನಾನು ನೋಡಲಿಲ್ಲ. ನೋಡಿದೆನೆಂದು ಬರೆದು ಸಹಿ ಮಾಡಿದೆ. ಆ ಸುಳ್ಳು ಹೊರಬೀಳುವ ಹೊತ್ತು ಬಂದಾಗ, ಗುಂಡಿಯನ್ನು ನಿಜವಾಗಿ ತೋಡಿದ ಮನುಷ್ಯನ ಮೇಲೆ ಅದನ್ನು ಹೊರಿಸಿದೆ. ಅವನ ಹೆಸರು ದುರಗಪ್ಪ. ಇದೆಲ್ಲ ಆಗಿ ಇಪ್ಪತ್ತೇಳು ವರ್ಷ.

ಇನ್ನೊಂದನ್ನೂ ಈಗಲೇ ಹೇಳಿಬಿಡಬೇಕು. ಈ ಇಪ್ಪತ್ತೇಳು ವರ್ಷ ಪಶ್ಚಾತ್ತಾಪದಲ್ಲಿ ಬೆಂದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ನಾನು ಚೆನ್ನಾಗಿಯೇ ಬದುಕಿದೆ. ಬಡ್ತಿ ಬಂತು, ಕೊಪ್ಪಳದಲ್ಲಿ ಮನೆ ಕಟ್ಟಿಸಿದೆವು, ಮಗಳು ಗಂಗಾವತಿಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. ಆಗೊಮ್ಮೆ ಈಗೊಮ್ಮೆ ದುರಗಪ್ಪನ ಮುಖ ನೆನಪಾಗುತ್ತಿತ್ತು—ನೆನಪಾದಾಗ ಎದ್ದು ಬೇರೆ ಕೆಲಸ ಹಚ್ಚಿಕೊಳ್ಳುತ್ತಿದ್ದೆ.

ನಾನು ಅಳವಂಡಿಯವಳು. ಅಪ್ಪನದು ಕಾಳುಕಡಿಯ ವ್ಯಾಪಾರ. ಅವರಿಗೆ ನನ್ನ ನೌಕರಿ ಏನೆಂದು ಕೊನೆಯವರೆಗೂ ತಿಳಿಯಲಿಲ್ಲ. "ಮಣ್ಣಿಗೆ ಹೆಸರಿಡಾಕ ಸರ್ಕಾರ ಪಗಾರ ಕೊಡ್ತೈತೇನು?" ಎಂದು ಬಂದವರ ಮುಂದೆಲ್ಲ ಕೇಳಿ ನಗುತ್ತಿದ್ದರು. ಅದು ಮಣ್ಣಿಗೆ ಹೆಸರಿಡುವ ಕೆಲಸವೇ. ಆ ವರ್ಷ ನಮ್ಮ ಮಣ್ಣು ಸಮೀಕ್ಷೆಯ ಕಚೇರಿ ಯಲಬುರ್ಗಾ, ಕುಷ್ಟಗಿ, ಗಂಗಾವತಿ ಕಡೆಯ ಗುಡ್ಡಗಳ ಕಾಡುಮಣ್ಣನ್ನು ಕೈಗೆತ್ತಿಕೊಂಡಿತ್ತು. ಇಳಿಜಾರಿನಲ್ಲಿ ಕೆಳಗೊಂದು, ನಡುವೆ ಒಂದು, ಮೇಲೊಂದು ಗುಂಡಿ. ಆಳೆತ್ತರ ತೋಡಿ, ಗೋಡೆಯನ್ನು ಚೂರಿಯಿಂದ ಕೆರೆದು, ಎಲ್ಲಿ ಒಂದು ಪದರ ಮುಗಿದು ಇನ್ನೊಂದು ಶುರುವಾಗುತ್ತದೆಂದು ಗೆರೆ ಎಳೆಯಬೇಕು. ಪ್ರತಿ ಪದರದ ಮಣ್ಣನ್ನು ಒದ್ದೆ ಮಾಡಿ ಬಣ್ಣದ ಪುಸ್ತಕದ ಪಕ್ಕ ಹಿಡಿಯಬೇಕು. ಬೆರಳಲ್ಲಿ ಹೊಸೆದು ಅಂಟೆಷ್ಟು ನೋಡಬೇಕು, ಜರಡಿಯಲ್ಲಿ ಗರಸನ್ನು ಬೇರೆ ಮಾಡಿ ಮಣ್ಣೆಷ್ಟು ಕಲ್ಲೆಷ್ಟು ಎಂದು ಬರೆಯಬೇಕು. ಆಮೇಲೆ ಆ ಮಣ್ಣಿಗೆ ವರ್ಗ, ಹೆಸರು, ನಕ್ಷೆಯಲ್ಲಿ ಬಣ್ಣ.

ಇಳಿಜಾರಿನ ಗರಸು ಮಣ್ಣನ್ನು ಮೇಲಿನಿಂದ ನೋಡಿ ಹೇಳಲಾಗದು. ಗುಡ್ಡದ ತಲೆಯಿಂದ ಉರುಳಿ ಬಂದ ಬೆಣಚುಕಲ್ಲು ಹಳೆಯ ಮಣ್ಣಿನ ಮೇಲೆ ಹಾಸಿಕೊಂಡಿರುತ್ತದೆ. ಕೆಲವು ಕಡೆ ಆ ಕಲ್ಲಿನ ಕೆಳಗೆ ಬರೀ ಬಂಡೆ. ಕೆಲವು ಕಡೆ ಕೆಂಪು ಜಿಗುಟು ಮಣ್ಣು, ಬೇಸಿಗೆಯಲ್ಲೂ ಒಳಗೆ ತಂಪು. ಅಗೆದ ಹೊರತು ಯಾವುದು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಇದನ್ನು ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ—ಆ ಗುಡ್ಡದ ನಂತರವೂ ಹೇಳಿದೆ.

ದುರಗಪ್ಪ ನಮ್ಮ ಜೊತೆ ಗುಂಡಿ ತೋಡುವ ಕೆಲಸಕ್ಕೆ ಬರುತ್ತಿದ್ದ. ಮೂವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಹಾರೆಯ ಸದ್ದಿನಿಂದಲೇ ಕೆಳಗೆ ಬಂಡೆಯೋ ಕೂಡಿಕೊಂಡ ಗರಸೋ ಎಂದು ಹೇಳುತ್ತಿದ್ದ. ಎರಡು ಹಂಗಾಮು ನಮ್ಮೊಂದಿಗಿದ್ದು ಪದರಗಳ ಗೆರೆಯನ್ನು ನನಗಿಂತ ಮೊದಲೇ ತೋರಿಸುವಷ್ಟಾಗಿದ್ದ. ಮುಂದಿನ ವರ್ಷ ಅವನನ್ನು ಕಾಯಂ ಮಾಡಿಕೊಳ್ಳುವ ಮಾತು ಕಚೇರಿಯಲ್ಲಿ ನಡೆದಿತ್ತು.

ಆ ದಿನ ಎರಡು ಗುಂಡಿ ಮುಗಿಯುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಮೂರನೆಯದು ಮೇಲೆ, ಕಡಿದಾದ ಇಳಿಜಾರಿನಲ್ಲಿ. ಆ ಕಡೆ ಕರಡಿ ಕಂಡಿದೆ ಎಂದು ಕುರಿಯವರು ಹೇಳಿದ್ದರು. ಮನೆಯವರಿಗೆ ಎಷ್ಟೋ ವರ್ಷ ಕರಡಿಯ ಕಥೆಯನ್ನೇ ಹೇಳಿದ್ದೇನೆ... ಕರಡಿ ಕಾರಣವಲ್ಲ. ಬಿಸಿಲಿತ್ತು, ಕಾಲು ನೋಯುತ್ತಿತ್ತು, ನನಗೆ ಸಾಕಾಗಿತ್ತು. ದುರಗಪ್ಪ ಹಾರೆ ಹೆಗಲಿಗಿಟ್ಟು ಒಬ್ಬನೇ ಹತ್ತಿದ. ನಾನು ತಪಸಿ ಮರದ ನೆರಳಲ್ಲಿ ಕೂತು, ಎರಡನೆಯ ಗುಂಡಿಯ ಹಾಳೆಯನ್ನು ಮುಂದಿಟ್ಟುಕೊಂಡು ಮೂರನೆಯದನ್ನು ಬರೆದೆ. ನಡುವಿನ ಗುಂಡಿಯಲ್ಲಿ ಮೊಳದ ಆಳಕ್ಕೆ ಬಂಡೆ ಸಿಕ್ಕಿತ್ತು. ಇನ್ನೂ ಮೇಲೆ ಹೋದರೆ ಗೇಣಿಗೇ ಸಿಗುತ್ತದೆ ಎಂದುಕೊಂಡೆ. "ಅತಿ ತೆಳು, ಅತಿ ಗರಸು, ಕೆಳಗೆ ಬಂಡೆ, ಮರಕ್ಕೆ ಅಯೋಗ್ಯ." ಶಾಯಿಯಲ್ಲಿ ಬರೆದೆ.

ಇಳಿಹೊತ್ತಿಗೆ ಅವನು ಮಣ್ಣಿನ ಚೀಲ ಹೊತ್ತು ಇಳಿದು ಬಂದ. ಮೈಯೆಲ್ಲ ಕೆಂಪಾಗಿತ್ತು.

"ಮ್ಯಾಲ ಬರೇ ಗರಸ್ರಿ ಮೇಡಂ. ಕೆಳಗ ನನ್ನ ಎದಿಮಟ ಮಣ್ಣೈತಿ, ಭಾಳ ಛಲೋ ಮಣ್ಣು. ನೀವು ಒಮ್ಮೆ ಬಂದು ನೋಡ್ರಿ."

"ನಾಳೆ ನೋಡೋಣ," ಎಂದೆ. ಮರುದಿನ ಜೀಪು ಬೇರೆ ಗುಡ್ಡಕ್ಕೆ ಹೋಯಿತು. ಹಾಳೆಯನ್ನು ಹರಿದು ಹಾಕಿ ಹೊಸದು ಬರೆಯಬಹುದಿತ್ತು. ಬರೆಯಲಿಲ್ಲ. ಸುಳ್ಳು ಮುಚ್ಚಲು ಚೀಲವನ್ನಾದರೂ ಬಚ್ಚಿಡಬೇಕಿತ್ತು—ಅದನ್ನೂ ಮರೆತೆ. ಅದು ಉಳಿದ ಚೀಲಗಳ ಜೊತೆ ಮುನಿರಾಬಾದಿನ ನಮ್ಮ ಶಿಬಿರಕ್ಕೆ ಹೋಯಿತು.

ಹದಿನೈದು ದಿನದ ಮೇಲೆ ಹಿರಿಯ ಅಧಿಕಾರಿ ತಪಾಸಣೆಗೆ ಬಂದರು. ಶಿಬಿರದ ಪಡಸಾಲೆಯಲ್ಲಿ ಚೀಲಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಹಾಳೆಯೊಂದಿಗೆ ಹೋಲಿಸಿ ನೋಡಿದರು. ಮೂರನೆಯ ಗುಂಡಿಯ ಚೀಲ ಬಿಚ್ಚಿ, ಒಂದು ಚಿಟಿಕೆ ಒದ್ದೆ ಮಾಡಿ ಹೊಸೆದರು. ಮಣ್ಣು ಎಳೆಯಾಗಿ ಉದ್ದಕ್ಕೆ ಬಂತು. ಅವರು ನನ್ನ ಹಾಳೆ ನೋಡಿದರು, ಮತ್ತೆ ಬೆರಳು ನೋಡಿದರು. ದುರಗಪ್ಪ ಅಲ್ಲೇ ಕಂಬದ ಹತ್ತಿರ ಹೆಂಟೆ ಒಡೆಯುತ್ತ ಕೂತಿದ್ದ.

"ಗೇಣು ಆಳಕ್ಕೆ ಬಂಡೆ ಅಂತ ಬರೆದೀರಿ. ಮತ್ತ ಈ ಮಣ್ಣು ಎಲ್ಲಿಂದ ಬಂತು?"

ನಾನು ಹೇಳಿದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತೇನೆ:

"ಅವ ಮ್ಯಾಲೆ ಹತ್ತೇ ಇಲ್ಲ ಸರ್. ಕೆಳಗಿನ ಹೊಲದ ಮಣ್ಣು ತುಂಬಿಕೊಂಡು ಬಂದಾನ."

ದುರಗಪ್ಪ ಕೈ ನಿಲ್ಲಿಸಿದ. ನನ್ನನ್ನು ನೋಡಿದ. ಅವನು ಏನಾದರೂ ಹೇಳುತ್ತಾನೆಂದು ಕಾದೆ—ಹೇಳಿದ್ದರೆ ಒಪ್ಪಿಕೊಳ್ಳುತ್ತಿದ್ದೆನೇನೋ... ಇಲ್ಲ, ಒಪ್ಪುತ್ತಿರಲಿಲ್ಲ. ಇನ್ನೂ ಗಟ್ಟಿಯಾಗಿ ಅದನ್ನೇ ಹೇಳುತ್ತಿದ್ದೆ. ಅವನು ಹೆಂಟೆ ಒಡೆಯುವ ಕಲ್ಲನ್ನು ಗೋಡೆಗೆ ಒರಗಿಸಿಟ್ಟು, ಕೈ ಜಾಡಿಸಿಕೊಂಡು ಎದ್ದ. ಮರುದಿನದಿಂದ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಚೀಲವನ್ನು ಹಿತ್ತಲಿಗೆ ಸುರಿದರು. ನಕ್ಷೆಯಲ್ಲಿ ಆ ಇಳಿಜಾರು ಬಂಡೆಯ ಬಣ್ಣ ಪಡೆಯಿತು.

ಕಳೆದ ಶ್ರಾವಣದಲ್ಲಿ ವೀಣಾ ಎಂಬ ಹುಡುಗಿಯಿಂದ ಫೋನು ಬಂತು. ಈಗ ಅದೇ ಗುಡ್ಡಗಳ ಮರುಸಮೀಕ್ಷೆ ಮಾಡುತ್ತಿರುವ ತಂಡದವಳು. ಹಳೆಯ ಹಾಳೆಯಲ್ಲಿ ನನ್ನ ಸಹಿ ನೋಡಿ ನಂಬರು ಹುಡುಕಿದ್ದಳು.

"ಮೇಡಂ, ನಿಮ್ಮ ನಕ್ಷೆಯಲ್ಲಿ ಇಲ್ಲಿ ಬಂಡೆ ಅಂತ ಇದೆ. ನಾವು ನಿಂತಿರೋದು ಕಾಡಿನಲ್ಲಿ. ಕಮರ ಮರ ಎರಡಾಳು ಎತ್ತರ ಇವೆ. ಏನು ತಪ್ಪಾಗಿರಬಹುದು?"

"ಆಗಿನ ನಕ್ಷೆಯ ಅಳತೆ ಸಣ್ಣದಿತ್ತಮ್ಮ, ಅದಕ್ಕೆ—" ಎಂದು ಶುರುಮಾಡಿದೆ. ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ಆ ಸಲೀಸು ಕೇಳಿಯೇ ನಾನು ಮಾತು ನಿಲ್ಲಿಸಿದೆ. "ನಾನೇ ಬರುತ್ತೇನೆ," ಎಂದೆ.

ಆ ಗುಡ್ಡವನ್ನು ಮೊದಲ ಸಲ ಪೂರ್ತಿ ಹತ್ತಿದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ವೀಣಾಳ ಕೈ ಹಿಡಿದು. ಮೇಲೆ ಕಮರ, ಬೇವು, ಕಕ್ಕೆ, ನಡುನಡುವೆ ಸೀತಾಫಲ. ತಾನಾಗಿ ಹುಟ್ಟಿದ ಕಾಡಲ್ಲ, ಸಾಲು ಕಾಣುತ್ತಿತ್ತು. ತಂಡದವರು ತೋಡಿದ ಗುಂಡಿಗೆ ಇಳಿದು ಗೋಡೆ ಕೆರೆದೆ. ಮೇಲೆ ಮೊಳದಷ್ಟು ಗರಸು. ಅದರ ಕೆಳಗೆ ಕಡುಗೆಂಪು ಮಣ್ಣು, ಬೇರುಗಳು ಕಲ್ಲಿನ ಸಂದಿನಲ್ಲಿ ನುಸುಳಿ ಅಲ್ಲಿಗೆ ಇಳಿದಿದ್ದವು. ನನ್ನ ಎದೆಯ ಮಟ್ಟಕ್ಕೂ ಬಂಡೆ ಸಿಗಲಿಲ್ಲ. ಆ ಗುಂಡಿಯಲ್ಲಿ ನಿಂತು ನನಗೆ ನಾಚಿಕೆಯ ಜೊತೆಗೆ ಸಂತೋಷವೂ ಆಯಿತು—ಯಾಕೆಂದು ವಿವರಿಸಲಾರೆ. ಅಷ್ಟು ಒಳ್ಳೆಯ ಮಣ್ಣು.

"ಈ ಗಿಡ ಹಚ್ಚಿದವರು ಯಾರು?" ಎಂದೆ.

"ದುರಗಪ್ಪ ಅಂತ ಒಬ್ಬ ಮುದುಕ," ಎಂದಳು ವೀಣಾ. "ಊರಲ್ಲಿ ಖೊಟ್ಟಿ ಮಣ್ಣಿನ ದುರಗಪ್ಪ ಅಂತಾರೆ. ಯಾಕೋ ಗೊತ್ತಿಲ್ಲ."

ಯಾಕೆಂದು ಗುಂಡಿಯೊಳಗಿನಿಂದಲೇ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ನನ್ನನ್ನು ಮೇಲೆತ್ತಲು ಕೈ ಚಾಚಿದಳು.

ದುರಗಪ್ಪ ಮನೆಯ ಕಟ್ಟೆಯ ಮೇಲೆ ಕೂತು ಬುಟ್ಟಿ ಹೆಣೆಯುತ್ತಿದ್ದ. ನನ್ನ ಗುರುತು ತಕ್ಷಣ ಹಿಡಿದ. "ಬರ್ರಿ ಮೇಡಂ, ಕುಂದರ್ರಿ," ಎಂದು ಚಾಪೆ ಸರಿಸಿದ. ನಾನು ಕೂರದೆ, ನಿಂತೇ ಎಲ್ಲವನ್ನೂ ಹೇಳಿದೆ. ಅವನು ಬುಟ್ಟಿಯ ಕಡ್ಡಿ ಬಗ್ಗಿಸುತ್ತಲೇ ಕೇಳಿದ.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತಿದ್ದದ್ದ ಐತಿ. ಅಕಿಗೆ ಹೇಳ್ರಿ."

ಒಳಗಿನಿಂದ ಅವನ ಹೆಂಡತಿ ಹನುಮವ್ವ ಬಂದು ಬಾಗಿಲಲ್ಲಿ ನಿಂತಿದ್ದಳು. ಆ ಮನೆಯ ಮುಂದೆ ನಾನು ಎರಡನೆಯ ಸಲ ಹೇಳಿದೆ. ಎರಡನೆಯ ಸಲ ಹೇಳುವುದು ಕಷ್ಟ. ಮೊದಲ ಸಲ ಮಾತು ನುಗ್ಗಿ ಬರುತ್ತದೆ, ಎರಡನೆಯ ಸಲ ಪ್ರತಿ ಮಾತಿನ ತೂಕ ಗೊತ್ತಿರುತ್ತದೆ.

ಹನುಮವ್ವ ಗಂಡನ ಕಡೆ ತಿರುಗಿದಳು. "ಇಷ್ಟ ವರ್ಷ ಯಾಕ ಸುಮ್ನಿದ್ದಿ?"

"ಹೇಳಿದ್ನಲ್ಲ ನಿನಗ, ಅವತ್ತ."

"ಒಮ್ಮೆ ಹೇಳಿದ್ದಿ."

"ಎಷ್ಟ ಸಲ ಹೇಳಬೇಕು? ಮ್ಯಾಲ ಮಣ್ಣೈತಿ ಅಂದೆ. ನೀ ಹೂಂ ಅಂದಿ, ನಂಬಲಿಲ್ಲ. ಅದಕ್ಕ ಗಿಡ ಹಚ್ಚಿದೆ."

ಆಗ ಗೊತ್ತಾಯಿತು. ಅರಣ್ಯದವರು ಗುಡ್ಡದ ಬುಡದಲ್ಲಿ ನೆಟ್ಟು, ಮೇಲೆ ಬಂಡೆ ಎಂದು ನನ್ನ ನಕ್ಷೆ ತೋರಿಸಿ ಕೈಬಿಟ್ಟರು. ಮಿಕ್ಕಿದ ಸಸಿಗಳನ್ನು ಅವನು ಹೊತ್ತುಕೊಂಡು ಹೋಗಿ ಪ್ರತಿ ಮಳೆಗಾಲವೂ ಒಬ್ಬನೇ ನೆಟ್ಟ. ಹುಚ್ಚು ಹಟ ಎಂದು ಹನುಮವ್ವ ಬೈಯುತ್ತಿದ್ದಳಂತೆ. ಮರ ಎದ್ದ ಮೇಲೂ ಗಂಡ ಅವತ್ತು ಚೀಲ ಎಲ್ಲಿ ತುಂಬಿದ ಎಂಬ ಅನುಮಾನ ಅವಳಲ್ಲಿ ಉಳಿದೇ ಇತ್ತು. ನನ್ನ ಒಂದು ಮಾತು ಆ ಮನೆಯೊಳಗೆ ಅಷ್ಟು ವರ್ಷ ಕೂತಿತ್ತು.

ಅವಳು ನನಗೆ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. "ನಾಡದು ನಮ್ಮ ಸಂಘದ ಮೀಟಿಂಗ್ ಐತಿ. ಊರಾಗಿನವ್ರು ಬರ್ತಾರ. ಅಲ್ಲಿ ಬಂದು ಹೇಳ್ರಿ," ಎಂದಳು. ಆಮೇಲೆ, "ರೊಟ್ಟಿ ಮಾಡೇನಿ, ಉಂಡು ಹೋಗ್ರಿ."

ಮೀಟಿಂಗಿಗೆ ಹೋದೆ. ಆ ಊರಿನಲ್ಲಿ ಮೂರನೆಯ ಸಲ ಹೇಳಿದೆ. ಒಬ್ಬ ಮುದುಕ ಎದ್ದು, "ಅಂದ್ರ ದುರಗಪ್ಪಂದು ಖರೇ ಮಣ್ಣು?" ಎಂದು ಕೇಳಿದ. ಖರೇ ಮಣ್ಣು ಎಂದೆ. ಹೆಂಗಸರ ನಡುವೆ ಕೂತಿದ್ದ ಹನುಮವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ದುರಗಪ್ಪ ಬಂದಿರಲಿಲ್ಲ, ಬುಟ್ಟಿಯ ಕೆಲಸ ಇತ್ತಂತೆ. ಅವನು ಕಾಯಂ ಆಗಬಹುದಾಗಿದ್ದ ನೌಕರಿಯನ್ನು ಯಾವ ಮೀಟಿಂಗೂ ತಿರುಗಿ ಕೊಡಲಾರದು.

ಕಚೇರಿಗೆ ಬರೆದು ಕೊಟ್ಟಿದ್ದೇನೆ. ಹೊಸ ಹಾಳೆಯಲ್ಲಿ ಆ ಮಣ್ಣು ತನ್ನ ಸರಿಯಾದ ವರ್ಗಕ್ಕೆ ಬಂದಿದೆ: ಗರಸಿನಡಿ ಆಳದ ಕೆಂಪು ಜಿಗುಟು ಮಣ್ಣು, ಮರಕ್ಕೆ ಯೋಗ್ಯ. ಮೊದಲು ಗುರುತಿಸಿದವರು ಎಂಬಲ್ಲಿ ವೀಣಾ ದುರಗಪ್ಪನ ಹೆಸರು ಬರೆದಿದ್ದಾಳೆ. ಈಗ ನಾನು ವಾರಕ್ಕೊಮ್ಮೆ ಆ ತಂಡದ ಜೊತೆ ಹೋಗುತ್ತೇನೆ. ಬಹಳ ದಿನದ ಮೇಲೆ ಉಗುರಿನಲ್ಲಿ ಮಣ್ಣು ಸೇರಿದೆ. ಖುಷಿಯಾಗಿದ್ದೇನೆ, ಹಾಗಿರುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ—ಆದರೆ ಇದ್ದೇನೆ.

ಹಳೆಯ ಹಾಳೆಗಳನ್ನೆಲ್ಲ ತರಿಸಿಕೊಂಡು ನೋಡುತ್ತಿದ್ದೇನೆ. ಕುಷ್ಟಗಿ ಕಡೆಯ ಗುಡ್ಡದ ಎರಡು ಹಾಳೆಗಳಲ್ಲಿ ನನ್ನ ಅಕ್ಷರ ತೀರಾ ದುಂಡಗಿದೆ. ಗುಂಡಿಯಲ್ಲಿ ನಿಂತು, ಬೆವರಿನ ಕೈಯಲ್ಲಿ ಬರೆದ ಅಕ್ಷರ ಹಾಗಿರುವುದಿಲ್ಲ. ಆ ಗುಂಡಿಗಳನ್ನೂ ನೋಡದೆಯೇ ಬರೆದೆನೇ? ನೆನಪಿಲ್ಲ. ನೆನಪಿಲ್ಲವೆಂಬುದೇ ಹೆದರಿಕೆ. ಹೋದ ವಾರ ದುರಗಪ್ಪನಿಗೆ ಅವುಗಳಲ್ಲಿ ಒಂದು ಹಾಳೆಯನ್ನು ತೋರಿಸಿದೆ. ಓದಲು ಬಾರದಿದ್ದರೂ ಹಾಳೆಯನ್ನು ದೂರ ಹಿಡಿದು ನೋಡಿದ.

"ಸೋಮವಾರ ಹೋಗೋಣ್ರಿ. ಎಲ್ಲಿ ಅಗೀಬೇಕು ನಾ ತೋರಸ್ತೀನಿ," ಎಂದ. ಹಾಳೆ ನನ್ನ ಕೈಗೆ ಕೊಡುತ್ತ, "ನೀವು ಬರೀರಿ. ಆದ್ರ ಅಗದ ಮ್ಯಾಲೆ ಬರೀರಿ."

ಸೋಮವಾರ ಹೋಗುತ್ತಿದ್ದೇವೆ.