ಕಬಕದಲ್ಲಿ ಬಿಚ್ಚಿದ ಹುಲ್ಲಿನ ಮಿಶಿನು

1959ರ ಅಕ್ಟೋಬರ್. ಆಗ ನಾನು ಪುತ್ತೂರಿನಲ್ಲಿ ಓವರ್‌ಸಿಯರ್. ರಸ್ತೆ, ಮೋರಿ, ಇಲಾಖೆಯ ಕಟ್ಟಡಗಳ ದುರಸ್ತಿ ನೋಡಿಕೊಳ್ಳುವ ಕೆಲಸ. ಒಂದು ದಿನ ಸುಳ್ಯದ ಕಡೆ ಮೋರಿ ಕುಸಿದರೆ ಮರುದಿನ ಕಡಬದ ಕಡೆ ರಸ್ತೆಯ ಅಂಚು ಜಾರುತ್ತಿತ್ತು. ನನಗೆ ಇಪ್ಪತ್ತೆಂಟು ವಯಸ್ಸು, ಕೋಪ ಮೂಗಿನ ತುದಿಯಲ್ಲಿ. ಯಾರಾದರೂ ನಿಧಾನವಾಗಿ ಮಾತು ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ನಾನು ಸೈಕಲ್ ಹತ್ತಿ ಆಗುತ್ತಿತ್ತು. ಈ ಕತೆಗೆ ಅದೇ ಮೂಲ.

ನನ್ನ ಸುಪರ್ದಿಯಲ್ಲಿ ಇಲಾಖೆಯ ಒಂದು ಬಂಗಲೆ ಇತ್ತು. ಅದರ ಎದುರಿನ ಹುಲ್ಲುಹಾಸನ್ನು ಕತ್ತರಿಸಲು ಬ್ರಿಟಿಷರ ಕಾಲದ ಒಂದು ಮಿಶಿನು. ಇಂಜಿನ್ ಇಲ್ಲ, ಕೈಯಲ್ಲಿ ತಳ್ಳುವುದು. ಎರಡು ಕಬ್ಬಿಣದ ಚಕ್ರ, ನಡುವೆ ಸುರುಳಿಯಾಗಿ ಬಾಗಿದ ಬ್ಲೇಡುಗಳು. ಪ್ರತಿ ಚಕ್ರದ ಒಳಗೆ ಪಿನಿಯನ್ ಎಂಬ ಸಣ್ಣ ಹಲ್ಲಿನ ಗಾಲಿ. ಮುಂದೆ ತಳ್ಳಿದರೆ ಪಿನಿಯನ್ ಬ್ಲೇಡುಗಳನ್ನು ತಿರುಗಿಸುತ್ತದೆ, ಹಿಂದೆ ಎಳೆದರೆ ಸುಮ್ಮನೆ ಜಾರುತ್ತದೆ. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ.

ಅದನ್ನು ನಡೆಸುತ್ತಿದ್ದವರು ಇಚಿಲಂಪಾಡಿಯ ಬಾಳಪ್ಪಣ್ಣ. ನಲವತ್ತೈದು ದಾಟಿದ ಮನುಷ್ಯ. ಊರಿನ ಗೇಣಿ ಗದ್ದೆ ಬಿಟ್ಟುಕೊಟ್ಟು ಹೆಂಡತಿ, ಮೂವರು ಹೆಣ್ಣುಮಕ್ಕಳೊಂದಿಗೆ ಬಂಗಲೆಯ ಹಿಂದಿನ ಒಂದು ಕೋಣೆಯಲ್ಲಿ ಇದ್ದರು. ದಿನಗೂಲಿ ನೌಕರಿ. ಕಾಗದದಲ್ಲಿ ಅವರ ಹುದ್ದೆ 'ಮಿಶಿನು ನಡೆಸುವ ಮಾಲಿ'. ಮಿಶಿನು ಇದ್ದರೆ ಮಾಲಿ, ಮಾಲಿ ಆಗಿದ್ದರೆ ಆ ಕೋಣೆ. ಇಷ್ಟು ಸರಳವಾದ ಸಂಗತಿ ಅಂದು ನನ್ನ ತಲೆಗೆ ಹೊಳೆಯಲಿಲ್ಲ.

ನವರಾತ್ರಿ ಮುಗಿದ ಎರಡನೇ ದಿನ ಬಾಳಪ್ಪಣ್ಣ ಕಚೇರಿಗೆ ಬಂದು ಮಿಶಿನು ಕೊಯ್ಯುವುದಿಲ್ಲ ಎಂದರು. ಹೋಗಿ ತಳ್ಳಿ ನೋಡಿದೆ. ಚಕ್ರ ತಿರುಗುತ್ತದೆ, ಬ್ಲೇಡು ಅಲುಗುವುದಿಲ್ಲ. ಹಳೆಯ ಮಿಶಿನು, ಪಿನಿಯನ್ ಹಲ್ಲು ಸವೆದಿರಬೇಕು. 'ಇರಬೇಕು' ಎಂಬುದು ನನ್ನ ಮನಸ್ಸಿನಲ್ಲಿ ಇದ್ದದ್ದು. ಕಾಗದದಲ್ಲಿ ಮಾತ್ರ 'ಸವೆದಿದೆ' ಎಂದೇ ಬರೆದೆ. ಮದ್ರಾಸಿನ ಏಜೆಂಟರಿಗೆ ಪತ್ರ ಹಾಕಿದೆ. ಎರಡು ಪಿನಿಯನ್, ಅವುಗಳ ಸ್ಕ್ರೂ, ಸಾಗಣೆ ಎಲ್ಲ ಸೇರಿ ಎಂಬತ್ತನಾಲ್ಕು ರೂಪಾಯಿ ಎಂದು ಉತ್ತರ ಬಂತು. ಬಾಳಪ್ಪಣ್ಣನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು!

ನಮ್ಮ ಇಂಜಿನಿಯರ್ ಸಾಹೇಬರು ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಪತ್ರ ನೋಡಿ ಕನ್ನಡಕ ತೆಗೆದರು.

"ಏನ್ರೀ ಇದು? ಹುಲ್ಲು ಕತ್ತರಿಸೋದಕ್ಕೆ ಎಂಬತ್ತನಾಲ್ಕು ರೂಪಾಯಿಯೇ? ಕಂಡೆಮ್ ಮಾಡಿ ಗುಜರಿಗೆ ಹಾಕಿ. ತಿಂಗಳಿಗೊಮ್ಮೆ ಯಾರಾದರೂ ಕತ್ತಿಯಲ್ಲಿ ಕೊಯ್ದುಕೊಂಡು ಹೋಗಲಿ. ಮಾಲಿಯೂ ಬೇಡ, ಖರ್ಚೂ ಬೇಡ. ಸೋಮವಾರದೊಳಗೆ ವರದಿ ಕೊಡಿ."

ಕಂಡೆಮ್ ಎಂದರೆ ವಸ್ತು ಇನ್ನು ಕೆಲಸಕ್ಕೆ ಬಾರದು ಎಂದು ಬರೆದು ಸಹಿ ಹಾಕುವುದು. ಆ ಸಹಿ ನನ್ನದೇ ಆಗಬೇಕಿತ್ತು. 'ಮಾಲಿಯೂ ಬೇಡ' ಎಂದಾಗಲೇ ನನಗೆ ಹೊಳೆದದ್ದು. ನಾನು ಬರೆದದ್ದು ಪಿನಿಯನ್ನಿನ ವಿಷಯ, ಹೋಗುತ್ತಿರುವುದು ಒಂದು ಸಂಸಾರದ ಅನ್ನ.

ಕಚೇರಿಯ ಸುದ್ದಿಗೆ ಕಾಲು ಬೇರೆ ಬೇಕೆ? ಸಂಜೆ ಬಂಗಲೆಗೆ ಹೋಗುವಷ್ಟರಲ್ಲಿ ಬಾಳಪ್ಪಣ್ಣನ ಹೆಂಡತಿ ಕಮಲಕ್ಕ ಚಾಪೆ, ಚೆಂಬು, ಅಕ್ಕಿಯ ಡಬ್ಬಿ ಎಲ್ಲ ಕಟ್ಟಿ ಜಗಲಿಯಲ್ಲಿ ಇಟ್ಟಿದ್ದರು. ಬಾಳಪ್ಪಣ್ಣ ಎದ್ದು ನಿಂತರು.

"ಎಂತ ಮಾಡುದು ಸ್ವಾಮಿ? ಊರಿಗೆ ಹೋಗುವ ಅಂದ್ರೆ ಗದ್ದೆ ಬೇರೆಯವರ ಕೈಲಿ ಉಂಟು. ಮೂರು ಮಕ್ಕಳನ್ನು ಕಟ್ಟಿಕೊಂಡು ಯಾರ ಮನೆಗೆ ಹೋಗುದು?"

"ಸೋಮವಾರದವರೆಗೆ ಸಮಯ ಉಂಟು ಬಾಳಪ್ಪಣ್ಣ. ಮದ್ರಾಸಿನ ಪಿನಿಯನ್ ಯಾಕೆ, ಇಲ್ಲಿಯೇ ಎಲ್ಲಾದರೂ ಕಡಿಮೆಗೆ ಮಾಡಿಸುವ. ನಾಳೆ ಮಿಶಿನು ಕಬಕಕ್ಕೆ ತನ್ನಿ" ಎಂದೆ.

ಪುತ್ತೂರಿನ ಹತ್ತಿರದ ಕಬಕದಲ್ಲಿ ಇಬ್ರಾಯಿ ಬ್ಯಾರಿಯವರ ರಿಪೇರಿ ಅಂಗಡಿ. ಸೈಕಲ್, ಪಂಪು, ಹೊಲಿಗೆ ಮಿಶಿನು, ಯಾವುದು ಕೊಟ್ಟರೂ ಮಾಡಿಕೊಡುತ್ತಿದ್ದರು. ಗುಜರಿ ಬಸ್ಸಿನ ಬೋಲ್ಟು, ಮುರಿದ ಅರ, ಹಳೆಯ ಬೇರಿಂಗು ಎಲ್ಲವನ್ನೂ ಡಬ್ಬಿಗಳಲ್ಲಿ ತುಂಬಿ ಇಟ್ಟಿದ್ದರು. ಹೊಸದು ತರಿಸುವುದೆಂದರೆ ಅವರಿಗೆ ಅವಮಾನ. ಶನಿವಾರ ಬೆಳಿಗ್ಗೆ ಬಸ್ಸಿನ ಮೇಲೆ ಮಿಶಿನು ಹೇರಿಕೊಂಡು ಬಾಳಪ್ಪಣ್ಣ ಇಳಿದರು. ನಾನು ಸೈಕಲ್ಲಿನಲ್ಲಿ ಹೋಗಿ ಕಾಯುತ್ತಿದ್ದೆ.

"ಪಿನಿಯನ್ ಹಲ್ಲು ಸವೆದು ಹೋಗಿದೆ. ನೀವು ಬೇರೆ ಮಾಡಿಕೊಡಲಿಕ್ಕೆ ಆಗ್ತದಾ?" ಎಂದು ಕೇಳಿದೆ.

ಇಬ್ರಾಯಿಯವರು ಮಿಶಿನನ್ನು ಒಮ್ಮೆ ತಳ್ಳಿದರು, ಒಮ್ಮೆ ಎಳೆದರು. "ಓವರ್‌ಸಿಯರೆ, ನೀವು ಇದನ್ನು ಬಿಚ್ಚಿ ನೋಡಿದ್ದೀರಾ?"

"ಇಲ್ಲ."

"ಮತ್ತೆ ಸವೆದದ್ದು ಹೇಗೆ ಗೊತ್ತಾಯ್ತು ಮಾರಾಯ್ರೆ, ಕನಸಿನಲ್ಲಿ ಬಂತಾ?"

ನನಗೆ ಉರಿಯಿತು. ಅವರು ಸ್ಪ್ಯಾನರ್ ಹಾಕಿ ಎಡದ ಚಕ್ರ ಕಳಚಿದರು. ಗಮ್ಮೆಂದು ತೆಂಗಿನೆಣ್ಣೆಯ ವಾಸನೆ. ಪಿನಿಯನ್ ತೆಗೆದು ಬೆಳಕಿಗೆ ಹಿಡಿದರು. ಒಂದು ಹಲ್ಲೂ ಸವೆದಿಲ್ಲ. ಬದಲಿಗೆ ಅದರ ಮುಖದ ಮೇಲೆ ಅಚ್ಚುಕಟ್ಟಾಗಿ ಒಂದು ಬೊಟ್ಟು ಗಂಧ, ಅದರ ಮೇಲೆ ಕುಂಕುಮ.

"ಅಲ್ಲಾ, ಇದಕ್ಕೆ ಒಳಗಿಂದಲೇ ಪೂಜೆ ಆಗಿದೆ!" ಎಂದು ಇಬ್ರಾಯಿಯವರು ಗಟ್ಟಿಯಾಗಿ ನಕ್ಕರು.

ನಾನು ಬಾಳಪ್ಪಣ್ಣನ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅನುಮತಿ ಇಲ್ಲದೆ ಮಿಶಿನು ಬಿಚ್ಚಬಾರದು ಎಂಬುದು ನಾನೇ ಹೇಳಿದ್ದ ನಿಯಮ.

"ತಪ್ಪಾಯ್ತು ಸ್ವಾಮಿ. ಆಯುಧ ಪೂಜೆಗೆ ನಮ್ಮಲ್ಲಿ ಕತ್ತಿ, ಹಾರೆ, ನೇಗಿಲು ಎಲ್ಲ ಬಿಚ್ಚಿ ತೊಳೆದು ಇಡುದು ಕ್ರಮ. ಅನ್ನ ಕೊಡುವ ಮಿಶಿನಿಗೆ ಮಾತ್ರ ಮೇಲಿಂದ ನೀರು ಚಿಮುಕಿಸಿದ್ರೆ ಹೇಗೆ? ಒಳಗೆಲ್ಲ ಒರೆಸಿ, ಎಣ್ಣೆ ಹಾಕಿ, ಬೊಟ್ಟು ಇಟ್ಟೆ. ಇದ್ದ ಹಾಗೇ ಕೂಡಿಸಿದ್ದೇನೆ."

"ಇದ್ದ ಹಾಗೆ ಅಲ್ಲ" ಎಂದು ಇಬ್ರಾಯಿಯವರು ಬಲದ ಚಕ್ರವನ್ನೂ ಕಳಚಿದರು. ಎರಡು ಪಿನಿಯನ್ನುಗಳ ಮೇಲೂ ಸಣ್ಣಗೆ ಒಂದೊಂದು ಇಂಗ್ಲಿಷ್ ಅಕ್ಷರ ಕೊರೆದಿತ್ತು, ಒಂದು ಎಡಕ್ಕೆ, ಒಂದು ಬಲಕ್ಕೆ ಎಂದು. ನೋಡಲು ಅವಳಿಜವಳಿ, ಒಳಗಿನ ಹಲ್ಲು ಮಾತ್ರ ಒಂದಕ್ಕೊಂದು ವಿರುದ್ಧ. ಪೂಜೆಯ ದಿನ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ಹಾಗಾಗಿ ತಳ್ಳಿದರೆ ಬ್ಲೇಡು ಸುಮ್ಮನೆ, ಹಿಂದೆ ಎಳೆದರೆ ಉಲ್ಟಾ ತಿರುಗುವುದು.

"ಅದೇ ಸ್ವಾಮಿ, ಹಿಂದೆ ಎಳೆದ್ರೆ ತಿರುಗ್ತದೆ ಅಂತ ನಾನು ಅವತ್ತೇ ಹೇಳ್ಲಿಕ್ಕೆ ಹೊರಟದ್ದು. ನೀವು ಸೈಕಲ್ ಹತ್ತಿ ಹೋದ್ರಿ" ಎಂದರು ಬಾಳಪ್ಪಣ್ಣ. ದೂರುವ ದನಿಯಲ್ಲ, ನಡೆದದ್ದನ್ನು ಹೇಳುವ ದನಿ. ನನಗೆ ಅಲ್ಲಿಯೇ ನೆಲ ಬಾಯಿಬಿಡಬಾರದೇ ಎನ್ನಿಸಿತು.

ಅದಲುಬದಲು ಮಾಡಿ ಕೂಡಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಪೂಜೆಯ ಗಡಿಬಿಡಿಯಲ್ಲಿ ಕಳೆದುಹೋಗಿದ್ದ ಎರಡು ಸ್ಕ್ರೂಗಳಿಗೆ ಇಬ್ರಾಯಿಯವರ ಡಬ್ಬಿಯಲ್ಲಿ ಜೋಡಿ ಸಿಕ್ಕಿತು. ಹಳೆಯ ಬಸ್ಸಿನವು, ತಿರುಪಿನ ಸುತ್ತೂ ಅದೇ ಇಂಗ್ಲಿಷ್ ಅಳತೆಯದು, ಹೇಳಿ ಮಾಡಿಸಿದ ಹಾಗೆ ಕೂತವು. ಅಂಗಡಿಯ ಪಕ್ಕದ ಹುಲ್ಲಿನಲ್ಲಿ ಬಾಳಪ್ಪಣ್ಣ ಮಿಶಿನು ತಳ್ಳಿದರು. ಚರ್ರನೆ ಬ್ಲೇಡು ತಿರುಗಿ ಹುಲ್ಲು ಹಾರಿತು. ಹೋದ ಜೀವ ಬಂದಂತಾಯಿತು, ಅವರಿಗೋ ನನಗೋ ಹೇಳಲಾರೆ. ಇಬ್ರಾಯಿಯವರು ತೆಗೆದುಕೊಂಡದ್ದು ಐವತ್ತು ನಯೇ ಪೈಸೆ. "ಸ್ಕ್ರೂವಿಗೆ ಮಾತ್ರ. ನಗಿಸಿದ್ದಕ್ಕೆ ನಾನೇ ನಿಮಗೆ ಕೊಡಬೇಕು" ಎಂದರು.

ಇನ್ನು ಸಾಹೇಬರು ಬಾಕಿ. ಮಿಶಿನು ತಾನಾಗಿ ಸರಿಹೋಯಿತು ಎಂದು ಬರೆದು ಮುಗಿಸಬಹುದಿತ್ತು. ಭಾನುವಾರವಿಡೀ ಆ ವಾಕ್ಯವನ್ನು ಬರೆದು ಹರಿದು ಹಾಕಿದೆ. ಬಾಳಪ್ಪಣ್ಣ ನಿಯಮ ಮುರಿದರು ಎಂದು ಮಾತ್ರ ಬರೆದರೆ ನಾನು ಪಾರು, ಅವರ ಕೆಲಸ ಹೋದ ಹಾಗೆಯೇ. ಕೊನೆಗೆ ಸೋಮವಾರ ಹೋಗಿ ನಡೆದದ್ದನ್ನೆಲ್ಲ ಬಾಯಲ್ಲೇ ಹೇಳಿಬಿಟ್ಟೆ.

"ಪಿನಿಯನ್ ಸವೆದಿರಲಿಲ್ಲ ಸಾರ್. ಬಿಚ್ಚಿ ನೋಡದೆ ಬರೆದದ್ದು ನನ್ನ ತಪ್ಪು. ಮಾಲಿ ಪೂಜೆಗೆಂದು ಬಿಚ್ಚಿದ್ದು ನಿಜ. ಆದರೆ ಮಿಶಿನಿಗೆ ಎಂತ ಆಗಿದೆ ಎಂದು ಅವರು ಹೇಳಲಿಕ್ಕೆ ಬಂದಾಗ ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಅವರ ತುಟಿ ಸ್ವಲ್ಪ ಅಲುಗಿತು.

"ನಮ್ಮೂರಲ್ಲಿ ಆಯುಧ ಪೂಜೆಗೆ ಜೀಪಿಗೂ ಕುಂಬಳಕಾಯಿ ಒಡೀತೀವಿ. ಈ ಮಿಷಿನ್ ಏನ್ರೀ ಪಾಪ ಮಾಡಿತ್ತು? ಮಾಲಿ ಇರಲಿ. ನಿಮಗೆ ಮಾತ್ರ ಒಂದು ಮೆಮೊ ಕೊಡಬೇಕು ಅನ್ನಿಸ್ತಿದೆ."

"ಕೊಡಿ ಸಾರ್" ಎಂದೆ. ಕೊಟ್ಟರು ಕೂಡ! ಜೀವಮಾನದಲ್ಲಿ ಅಷ್ಟು ಖುಷಿಯಿಂದ ನಾನು ಯಾವ ಮೆಮೊಗೂ ಸಹಿ ಹಾಕಿಲ್ಲ.

ಅಲ್ಲಿಂದ ಮೂವತ್ತು ವರ್ಷ ನೌಕರಿ ಮಾಡಿದೆ. ಪಂಪು, ರೋಡ್ ರೋಲರ್, ಜೀಪು, ಎಷ್ಟೋ ಮಿಶಿನುಗಳ ದುರಸ್ತಿ ಮಾಡಿಸಿದ್ದೇನೆ. ಹೊಸ ಭಾಗಕ್ಕೆ ಪತ್ರ ಬರೆಯುವ ಮೊದಲು ಹಳೆಯದನ್ನು ಬಿಚ್ಚಿಸಿ ನೋಡುತ್ತಿದ್ದೆ. ಬಿಚ್ಚಿಸುವ ಮೊದಲು, ಅದನ್ನು ದಿನಾ ಮುಟ್ಟುವವರನ್ನು ಕೂರಿಸಿ ಎಂತ ಆಯಿತು ಎಂದು ಕೇಳುತ್ತಿದ್ದೆ, ಅವರು ಎಷ್ಟೇ ನಿಧಾನವಾಗಿ ಹೇಳಿದರೂ. ಅದರಿಂದ ಇಲಾಖೆಗೆ ಸಾಕಷ್ಟು ಹಣವೂ ಉಳಿದಿರಬೇಕು.

ಆ ಸೋಮವಾರ ಸಾಹೇಬರ ಕೋಣೆಯಿಂದ ಹೊರಬಿದ್ದವನು ನೇರ ಬಂಗಲೆಯ ಹಿಂದಕ್ಕೆ ಹೋದೆ. "ಎಲ್ಲಿಗೂ ಹೋಗುದು ಬೇಡ ಕಮಲಕ್ಕ" ಎಂದೆ. ಅವರು ಆ ಬೆಳಿಗ್ಗೆ ಮತ್ತೆ ಕಟ್ಟಿ ಜಗಲಿಯಲ್ಲಿ ಇಟ್ಟಿದ್ದ ಗಂಟನ್ನು ಬಿಚ್ಚಿ, ಅದರೊಳಗಿನಿಂದ ಅಕ್ಕಿಯ ಡಬ್ಬಿ ತೆಗೆದು, "ಕೂತುಕೊಳ್ಳಿ, ಗಂಜಿ ಕುಡಿದು ಹೋಗಿ" ಎಂದು ಒಲೆ ಹಚ್ಚಲು ಒಳಗೆ ಹೋದರು.