ತಲೆಕೆಳಗಾಗಿ ಹಾರಿದ ವಿಮಾನ, ಸಿಟ್ಟಿಗೆದ್ದ ಜರ್ಮನ್ ಕಾಕಾ

ಸವಣೂರಿನ ಎಲೆಬಳ್ಳಿ ತೋಟದವರಿಗೆ ಬಿಸಿಲೇರುವ ಮೊದಲೇ ಔಷಧ ಹೊಡೆಯುವ ಅವಸರ. ಅವರ ಪಂಪುಗಳು ಕೆಡುವುದೂ ಸರಿಯಾಗಿ ಅದೇ ಹೊತ್ತಿಗೆ. ಹೀಗಾಗಿ ಎರ್ವಿನ್ ಬ್ರಾಂಟ್ ಅವರ ತಗಡಿನ ಅಂಗಡಿ ಬೆಳಗಿನ ಬಾಂಗಿನ ಜೊತೆಗೇ ಬಾಗಿಲು ತೆರೆಯುತ್ತದೆ. ಎಪ್ಪತ್ತೆಂಟರ ಈ ಎತ್ತರದ ಮುದುಕ ಪಂಪನ್ನು ತೊಡೆಯ ಮೇಲೆ ಮಲಗಿಸಿಕೊಂಡು, ವಾಷರ್ ಕಿತ್ತು ಬೆಳಕಿಗೆ ಹಿಡಿದು, ಅದನ್ನು ತಂದವನನ್ನು ಬೈಯುತ್ತಿದ್ದಾರೆ. ಜರ್ಮನ್ ಭಾಷೆಯಲ್ಲಲ್ಲ.

“ಏ ಮಾಳಪ್ಪ, ಔಷಧ ಹೊಡದ ಮ್ಯಾಲೆ ತೊಳಿ ಅಂತ ಎಷ್ಟ್ ಸಲ ಹೇಳ್ಬೇಕೋ? ಉಂಡ ತಾಟು ತೊಳಿತೀಯಿಲ್ಲೋ?”

“ತಾಟು ನಮ್ಮಾಕಿ ತೊಳಿತಾಳ್ರಿ ಕಾಕಾ.”

“ಹಂಗಾರ ಪಂಪೂ ಆಕಿ ಕೈಯಾಗ ಕೊಡು. ಕೆಡೂದಿಲ್ಲ.”

ಮಾಳಪ್ಪ ನಗುತ್ತಾನೆ, ಕಾಕಾ ನಗುವುದಿಲ್ಲ. ಇವತ್ತಿನ ಸಿಟ್ಟು ಪಂಪಿನದಲ್ಲ ಎಂದು ಇಬ್ಬರಿಗೂ ಗೊತ್ತು. ಅದರ ಕಾರಣ ಶಿಗ್ಗಾಂವಿ ರಸ್ತೆಯ ಖಾಸಗಿ ಶಾಲೆಯೊಂದರ ಗೇಟಿಗೆ ನೇತಾಡುತ್ತಿದೆ.

ಅಂಗಡಿಯ ಒಳಗೋಡೆ ನೋಡಿದರೆ ಈ ಮನುಷ್ಯನ ಇನ್ನೊಂದು ಬದುಕು ಕಾಣುತ್ತದೆ. ಬೆಲ್ಟು, ಪೈಪುಗಳ ನಡುವೆ ವಿಮಾನಗಳ ಚಿತ್ರಗಳು. ಜನರನ್ನು ಹೊತ್ತು ಮರ್ಯಾದೆಯಿಂದ ಹೋಗಿಬರುವ ವಿಮಾನ ಒಂದೂ ಇಲ್ಲ. ಎಲ್ಲವೂ ಗಿರಕಿ ಹೊಡೆಯುವ, ಮುಗಿಲಿಂದ ಮೂಗು ಮುಂದಾಗಿ ಧುಮುಕುವ, ಹೊಟ್ಟೆ ಮೇಲೆ ಮಾಡಿ ಹಾರುವ ಪುಂಡ ವಿಮಾನಗಳೇ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆದಾಗ ಕಾಕಾ ಅಂಗಡಿ ಮುಚ್ಚಿ ರೈಲು ಹತ್ತುತ್ತಾರೆ. ಬೇಲಿಯ ಒಳಗಿನ ಪಾಸು ಇವರಂಥವರಿಗೆ ಸಿಗುವುದಿಲ್ಲ. ಹೊರಗೆ ಯಾರದೋ ಮಾಳಿಗೆಯ ಮೇಲೆ ನಿಂತು ತೆಗೆದ ಚಿತ್ರಗಳಿವು.

ಈ ಹುಚ್ಚು ಹತ್ತಿದ್ದು ಎಂಟನೇ ವಯಸ್ಸಿಗೆ. ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ವಿಮಾನ ಹಾರಿಸುವುದಕ್ಕೇ ನಿಷೇಧವಿದ್ದು, ಅದನ್ನು ತೆಗೆದ ಮೊದಲ ಬೇಸಿಗೆ ಅದು.

“ವಿಮಾನದ ಸಪ್ಪಳ ಕೇಳಿದ್ರ ನಮ್ಮವ್ವ ನನ್ನ ರಟ್ಟಿ ಹಿಡದು ಮೇಜಿನ ಬುಡಕ ನೂಕಾಕಿ. ಯುದ್ಧ ಮುಗದು ಎಷ್ಟೋ ವರ್ಷ ಆಗಿತ್ತು, ಆದ್ರೂ. ಒಂದಿನ ಊರ ಹೊರಗ ಒಂದು ಸಣ್ಣ ವಿಮಾನ ಬಂತ್ರಿ. ಪಲ್ಟಿ ಹೊಡೀತು, ತಲಿಕೆಳಗ ಆಗಿ ನಮ್ಮ ಮ್ಯಾಲೇ ಹಾದುಹೋತು. ನಮ್ಮವ್ವ ನಕ್ಕಳು. ಬಾಂಬ್ ಹಾಕಾಕ ಬಂದದ್ದು ಉಲ್ಟಾ ಹಾರೂದಿಲ್ರಿ. ಉಲ್ಟಾ ಹಾರೂದಂದ್ರ ಆಟ.”

ಮೂವತ್ತು ದಾಟಿದಾಗ ಹುಬ್ಬಳ್ಳಿಯ ಒಂದು ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದರು. ಕಾರ್ಖಾನೆ ಮುಚ್ಚಿತು. ಅಷ್ಟರಲ್ಲಿ ಹತ್ತಿಮತ್ತೂರಿನ ಶಾಲಾ ಶಿಕ್ಷಕಿ ನೀಲಾಂಬಿಕಾ ಅವರ ಪರಿಚಯವಾಗಿತ್ತು. ಜಾತಿ, ಧರ್ಮ, ದೇಶ ಎಂದು ಊರು ಗುಸುಗುಡುತ್ತಿದ್ದಾಗ ಆಕೆಯ ತಂದೆ ಕರಬಸಪ್ಪನವರು ವರನಿಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಬಾವಿ ಪಂಪು ರಿಪೇರಿ ಬರ್ತೈತೇನು?”

ಬಂತು, ಮದುವೆಯೂ ಆಯಿತು. ನೀಲಾಂಬಿಕಾ ಅವರ ತಕರಾರು ಬೇರೆಯೇ. “ಇಷ್ಟು ವರ್ಷದಾಗ ನಂದೊಂದು ಚಲೋ ಫೋಟೋ ತಗದಿಲ್ಲ ನೋಡ್ರಿ ಇವ್ರು. ‘ನೀ ಸುಮ್ನ ನಿಂದರ್ತೀ, ನಿನ್ನ ತಗಿಯೂದೇನೈತಿ’ ಅಂತಾರ.”

ಕ್ಯಾಮೆರಾದ ವಿಷಯದಲ್ಲಿ ಕಾಕಾ ಹಟಮಾರಿ. ತೀರಾ ವೇಗವಾಗಿ ಕ್ಲಿಕ್ಕಿಸಿದರೆ ವಿಮಾನದ ಮೂಗಿನ ಫ್ಯಾನು ನಿಂತಂತೆ ಕಾಣುತ್ತದೆ, ದಾರಕ್ಕೆ ಕಟ್ಟಿದ ಆಟಿಕೆಯಾಗುತ್ತದೆ. ನಿಧಾನವಾದರೆ ಎಲ್ಲವೂ ಮಸುಕು. ಎರಡರ ನಡುವಿನ ಸಂದಿಯಲ್ಲಿ ಸಿಕ್ಕ ಒಂದು ಚಿತ್ರ ಅವರಿಗೆ ಪ್ರಾಣ: ಖಾಲಿ ಆಕಾಶ, ಬೆನ್ನು ಕೆಳಗಾದ ಕೆಂಪು ವಿಮಾನ, ತಲೆಕೆಳಗಾಗಿ ಕೂತ ಪೈಲಟ್ ನೆಲದ ಜನರತ್ತ ಕೈ ಬೀಸುತ್ತಿದ್ದಾನೆ.

ಆ ಶಾಲೆಯವರು ಮಕ್ಕಳಿಗಾಗಿ ಎಂದು ಕೇಳಿದ್ದು ಈ ಚಿತ್ರವನ್ನೇ. ಇದ್ದ ಹಾಗೇ ಹಾಕಿರಿ ಎಂದು ಹೇಳಿ ಕಾಕಾ ಸಂತೋಷದಿಂದ ಕೊಟ್ಟರು. ಶಾಲೆ ಅದನ್ನು ‘ಸರಿಪಡಿಸಿ’ ದೊಡ್ಡ ಫ್ಲೆಕ್ಸ್ ಮಾಡಿತು. ವಿಮಾನ ನೆಟ್ಟಗಾಯಿತು. ಪೈಲಟ್ ಈಗ ಬಸ್ಸಿಗೆ ಕೈ ಮಾಡಿದಂತಿದ್ದಾನೆ. ರೆಕ್ಕೆಗಳ ಕೆಳಗೆ ಸಾಲು ಬಾಂಬುಗಳು. ‘ಶತ್ರುವಿನ ಎದೆ ನಡುಗಿಸುವ ಮಕ್ಕಳು’ ಎಂಬ ಘೋಷಣೆ. ಪಕ್ಕದಲ್ಲಿ ವಿಮಾನಕ್ಕಿಂತ ದೊಡ್ಡದಾಗಿ ಸಂಸ್ಥೆಯ ಅಧ್ಯಕ್ಷ ಮೃತ್ಯುಂಜಯ ಅವರ ನಗುಮುಖ. ಮೂಲೆಯಲ್ಲಿ, ‘ಚಿತ್ರಕೃಪೆ: ಇಂಟರ್‌ನೆಟ್’.

ಕೇಳಲು ಹೋದ ಕಾಕಾನಿಗೆ ಅಧ್ಯಕ್ಷರು ಚಹಾ ಕೊಟ್ಟರು.

“ವಿಮಾನ ಬೀಳಾಕತ್ತೈತಿ ಅಂತ ಪಾಲಕರು ತಿಳ್ಕೊಂಡ್ರ ಅಡ್ಮಿಶನ್ನಿಗೆ ಹೊಡತ ಬೀಳ್ತೈತ್ರಿ ಕಾಕಾ. ನಮ್ಮ ಸಾಲಿ ವಾರ್ಷಿಕ ಸಮ್ಮೇಳನಕ್ಕ ಬರ್ರಿ, ಶಾಲು ಹೊಚ್ಚತೇವಿ.”

“ಬಾಂಬ್ ಯಾಕ ಹಚ್ಚಿದ್ರಿ?”

“ಬುಡಕ ಖಾಲಿ ಖಾಲಿ ಕಾಣತಿತ್ರಿ.”

ಖಾಲಿ ಜಾಗ ಕಂಡರೆ ಬಾಂಬು ತುಂಬಬೇಕೆನಿಸುವುದು ಇಂದಿನ ವಿದ್ಯಾಸಂಸ್ಥೆಗಳ ಸಹಜ ಸೌಂದರ್ಯಪ್ರಜ್ಞೆ ಇರಬೇಕು. ಹೊರಬಂದ ಕಾಕಾ ಗೇಟಿನಲ್ಲಿ ಕಂಡದ್ದು ಮಕ್ಕಳ ಹೊಸ ಆಟ: ಒಂದು ಮಗು ಕೈ ಚಾಚಿ ವಿಮಾನವಾಗಿ ‘ಢಂ’ ಎನ್ನುತ್ತದೆ, ಉಳಿದವು ಸತ್ತು ಬೀಳುತ್ತವೆ.

“ನನ್ನ ಹೆಸರು ಬ್ಯಾಡ ತಗೋರಿ,” ಎನ್ನುತ್ತ ಕಾಕಾ ಪಾನಾದಿಂದ ಪಂಪಿನ ನಟ್ಟು ಬಿಗಿಯುತ್ತಾರೆ. “ನಾ ಹುಡುಗರಿಗೆ ಆಟ ಕೊಟ್ಟಿದ್ನಿ. ಇವ್ರು ಅದನ್ನ ಯುದ್ಧ ಮಾಡಿ ಹಚ್ಯಾರ.”

ಇವತ್ತೇ ಸಮ್ಮೇಳನ. ರಿಪೇರಿಯಾದ ಪಂಪನ್ನು ಮಾಳಪ್ಪನ ಕೈಗಿಟ್ಟು ಕಾಕಾ ಅಂಗಡಿಯ ಬಾಗಿಲು ಎಳೆಯುತ್ತಾರೆ. ಮಾಳಪ್ಪನ ಟಂಟಂ ಆಟೋದಲ್ಲಿ ಏಣಿ ಏರುತ್ತದೆ, ನೀಲಾಂಬಿಕಾ ಅವರೂ ಏರುತ್ತಾರೆ. “ಈ ವಯಸ್ಸಿನ್ಯಾಗ ಬಿದ್ರಂದ್ರ ನಾ ಎತ್ತಾಂಗಿಲ್ಲ,” ಎನ್ನುತ್ತಲೇ ಗೇಟಿನ ಮುಂದೆ ಏಣಿಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ.

“ಏನ್ ನಡಸೀರಿ ಕಾಕಾ?” ಕಾವಲುಗಾರ ಫಕ್ಕೀರೇಶ ಕೇಳುತ್ತಾನೆ.

“ರಿಪೇರಿ.”

ಕಾಕಾ ಇನ್ನೇನು ಮಾಡಿಯಾರು? ಫಕ್ಕೀರೇಶ ಚಹಾಕ್ಕೆ ಹೋಗುತ್ತಾನೆ. ಕಾಕಾ ಫ್ಲೆಕ್ಸಿನ ಹಗ್ಗ ಬಿಚ್ಚಿ, ಮೇಲಿನದನ್ನು ಕೆಳಗೆ ಮಾಡಿ ಮತ್ತೆ ಕಟ್ಟುತ್ತಾರೆ. ವಿಮಾನ ತನ್ನ ಬೆನ್ನ ಮೇಲೆ ಹಾರತೊಡಗುತ್ತದೆ. ಬಾಂಬುಗಳೆಲ್ಲ ಮುಗಿಲಿಗೆ ಮುಖ ಮಾಡಿವೆ. ಘೋಷಣೆ ಯಾರಿಗೂ ಓದಲು ಬರುವುದಿಲ್ಲ. ಅಧ್ಯಕ್ಷರು ಬಾವಲಿಯಂತೆ ಜೋತುಬಿದ್ದು ನಗುತ್ತಿದ್ದಾರೆ.

ಮಕ್ಕಳು ಬರುತ್ತವೆ. ಮೊದಲು ಕತ್ತು ವಾಲಿಸಿ ನೋಡುತ್ತವೆ. ಒಬ್ಬಳು ಪಾಟಿಚೀಲ ಇಳಿಸಿ, ಬಗ್ಗಿ, ತನ್ನ ಕಾಲುಗಳ ನಡುವಿಂದ ನೋಡಿ ಕಿಸಕ್ಕೆನ್ನುತ್ತಾಳೆ. ತುಸು ಹೊತ್ತಿನಲ್ಲೇ ಗೇಟಿನ ತುಂಬ ಬಗ್ಗಿ ನಿಂತ ಮಕ್ಕಳು, ನಗು. ಅವುಗಳ ಹಿಂದೆ ಹಾರ್ನ್ ಬಾರಿಸುತ್ತ ಬಂದು ನಿಂತದ್ದು ಅಧ್ಯಕ್ಷರ ಕಾರು.

“ಏನಿದು ಕಾಕಾ! ಎಲ್ಲಾ ಉಲ್ಟಾ ಮಾಡಿ ಇಟ್ಟೀರಲ್ರಿ!”

ಕಾಕಾ ಏಣಿಯ ಮೇಲಿಂದ ಅವಸರವಿಲ್ಲದೆ ಇಳಿಯುತ್ತಾರೆ.

“ವಿಮಾನ ನಂದು, ಈಗ ಸರಿ ಐತಿ. ಉಳದದ್ದು ನಿಮ್ಮದು, ನೀವ ನೋಡ್ಕೋರಿ.”