ಆಟೋ ಹತ್ತಿದ ಸಾತವ್ವ

ತಡವಾಗಿ ಮನೆಗೆ ಬಂದ ಹುಡುಗಿಯನ್ನು ನಮ್ಮ ಕಡೆ ಯಾರೂ ‘ಊಟ ಆಯಿತೇ’ ಎಂದು ಕೇಳುವುದಿಲ್ಲ, ‘ಯಾರ ಜೋಡಿ ಬಂದೆ’ ಎಂದು ಕೇಳುತ್ತಾರೆ.

ರನ್ನ ಬೆಳಗಲಿಯ ಸಾತವ್ವನೂ ಮಗಳು ಮಾಲಾಳನ್ನು ಅದನ್ನೇ ಕೇಳಿದಳು. ಜಮಖಂಡಿಯ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೋಗಿರುತ್ತಿತ್ತು. ಹಾಗೆ ಉಳಿದ ಹುಡುಗಿಯರನ್ನು ಯಲ್ಲಾಲಿಂಗನೆಂಬ ಆಟೋದವನು ಪುಕ್ಕಟೆ ಊರು ಮುಟ್ಟಿಸುತ್ತಿದ್ದ. ಆ ಪುಕ್ಕಟೆಯೇ ಸಾತವ್ವನಿಗೆ ಮುಳ್ಳಿನಂತೆ ಚುಚ್ಚಿತು. ಕುರಿ ಕಾಯ್ದವಳು ಅವಳು, ತೋಳ ಕೂಗಿ ಹೇಳಿ ಬರುವುದಿಲ್ಲವೆಂದು ಬಲ್ಲವಳು. ಮರುದಿನ ಕಾಲೇಜಿನ ಗೇಟಿಗೇ ಹೋಗಿ, ಬೀರೇಶ್ವರನ ಅರಿಷಿಣದ ಭಂಡಾರವನ್ನು ಯಲ್ಲಾಲಿಂಗನ ಅಂಗೈಗೆ ಸುರಿದಳು.

“ಆಣಿ ಮಾಡೋ. ಮನಸಿನ್ಯಾಗ ಏನೈತಿ?”

“ಏನಿಲ್ಲಬೇ ಯವ್ವಾ. ಹುಡುಗ್ಯಾರು ಮನಿ ಮುಟ್ಟಿದ್ರ ಸಾಕು.”

“ಕಳ್ಳರೂ ಭಂಡಾರ ಮುಟ್ಟತಾರ ತಗೋ. ನಾನೂ ಬರತೇನಿ.”

ಅಂದಿನಿಂದ ದಿನಾಲೂ ಮಧ್ಯಾಹ್ನದ ಬಸ್ಸಿಗೆ ಹೋಗಿ, ಸಂಜೆ ಅವನ ಹಿಂದೆ ಕುಳಿತು ಕನ್ನಡಿಯಲ್ಲಿ ಅವನ ಕಣ್ಣನ್ನೇ ಕಾದಳು. ಹದಿನೈದು ದಿನ ಆ ಕಣ್ಣು ರಸ್ತೆ ಬಿಟ್ಟು ಸರಿಯಲಿಲ್ಲ. ಆದರೂ ಅವಳು ಪೂರ್ತಿ ನಂಬಲಿಲ್ಲ.

ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತ ಮೈದುನ ಗಿರಮಲ್ಲಪ್ಪ ನಕ್ಕ. “ಮಗಳ ನೆವಾ ಮಾಡಿ ನೀವ ಯಾರ ಜೋಡಿ ತಿರಗಾಕತ್ತೀರಿ ವೈನಿ? ನಾಳಿಂದ ಮಾಲಾನ ಕಾಲೇಜು ಬಂದ್.”

“ಸಂಶಯ ನನಗೂ ಐತಿ ಮಾರಾಯಾ, ಅದಕ್ಕ ಆಟೋ ಹತ್ತೇನಿ. ನೀನೂ ಬಂದು ಕುಂದರು. ಕಟ್ಟಿ ಮ್ಯಾಲೆ ಕುಂತು ನನ್ನ ಮಗಳ ಸಾಲಿ ಬಿಡಸಬ್ಯಾಡ.”

ಗಿರಮಲ್ಲಪ್ಪ ಇವತ್ತಿಗೂ ಬಂದಿಲ್ಲ. ಮಾಲಾ ಕಾಲೇಜಿಗೆ ಹೋಗುತ್ತಿದ್ದಾಳೆ, ಸಾತವ್ವ ಆಟೋದಲ್ಲಿ ಕುಳಿತು ಕನ್ನಡಿ ಕಾಯುತ್ತಲೇ ಇದ್ದಾಳೆ.

ನಿಮ್ಮೂರ ಹುಡುಗಿಯ ಮೇಲೆ ನಿಮಗೆ ಅನುಮಾನವೇ? ಹಾಗಾದರೆ ಎದ್ದು ಬಂದು ಅವಳ ಜೊತೆ ಆಟೋ ಹತ್ತಿ. ಅದಾಗದಿದ್ದರೆ ಬಾಯಿ ಮುಚ್ಚಿ, ಅವಳನ್ನು ಓದಲು ಬಿಡಿ.